ಒಂದು ಗಂಟಿನ ಅಡಾಪ್ಟರ್

ಬೀದಿಯವರೆಲ್ಲ ಅವಳನ್ನು ಗಂಟಕ್ಕ ಅಂತಲೇ ಕರೆಯುತ್ತಿದ್ದರು. ಕೀಬೋರ್ಡು, ಡ್ರಮ್ ಪ್ಯಾಡು, ಎಕೋ ಪೆಟ್ಟಿಗೆ, ಕರೆಂಟಿನಿಂದ ಹಾಡುವ ಯಾವ ವಾದ್ಯ ಕೆಟ್ಟರೂ ಮೆಟ್ಟಿಲ ಕೆಳಗಿನ ಅವಳ ಅಂಗಡಿಗೇ ಬರಬೇಕು. ಬಂದವರು ಬೈಸಿಕೊಳ್ಳದೆ ಹೋದದ್ದಿಲ್ಲ. ಮನೆಯಲ್ಲಿ ಬಿದ್ದಿದ್ದ ಯಾವುದೋ ಅಡಾಪ್ಟರ್ ಚುಚ್ಚಿ ನೋಡಿದೆ ಅಂದರಂತೂ ಮುಗಿಯಿತು.

"ಪಿನ್ನು ತೂರಿತು ಅಂತ ಸಂಬಂಧ ಕೂಡಿಸ್ಬಿಡೋದಾ? ಹಿಂದುಮುಂದು ವಿಚಾರಿಸೋದು ಬೇಡ್ವಾ?" ಎಂದು ರೇಗುತ್ತಿದ್ದಳು. ಆಮೇಲೆ ಪಾಠ. ವೋಲ್ಟು ವಾದ್ಯದ ಮೇಲೆ ಬರೆದಷ್ಟೇ ಇರಬೇಕು. ಆಂಪಿಯರ್ ಅಷ್ಟಾದರೂ ಇರಬೇಕು, ಹೆಚ್ಚಿದ್ದರೆ ಕೇಡಿಲ್ಲ. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ನೋಡಲೇಬೇಕು. ಅದು ಅದಲುಬದಲಾದರೆ ವಾದ್ಯದ ಕಥೆ ಅಲ್ಲಿಗೆ ಮುಗಿಯಿತು.

ಗಂಟು ಶುರುವಾದದ್ದು ಮೇಷ್ಟ್ರಿಗಾಗಿ. ಎರಡು ಬೀದಿ ಆಚೆ ಮಕ್ಕಳಿಗೆ ಸಂಗೀತ ಹೇಳಿಕೊಡುವ ಅವರಿಗೆ ಕಣ್ಣು ಕಾಣದು. ಅಡಾಪ್ಟರಿನ ಮೇಲಿನ ಸಾಸಿವೆಯಷ್ಟು ಅಕ್ಷರ ಕಣ್ಣಿದ್ದವರಿಗೇ ಕಾಣದಿರುವಾಗ ಅವರ ಗತಿಯೇನು? ಅದಕ್ಕೇ ಇವಳು ಮೀಟರ್ ಹಿಡಿದು ಅಳೆದು, ವೈರಿಗೆ ದಾರ ಕಟ್ಟಿದಳು. ನಡುವೆ ಮೈನಸ್ಸಾದರೆ ಒಂದು ಗಂಟು, ಪ್ಲಸ್ಸಾದರೆ ಎರಡು. ಉಳಿದ ದಾರವನ್ನು ಹಲ್ಲಿನಿಂದ ಕಡಿದು ತುಂಡರಿಸುವುದು ಅವಳ ಅಭ್ಯಾಸ. ಬರಬರುತ್ತ ಕಣ್ಣಿದ್ದವರೂ ಗಂಟು ನೋಡಿಯೇ ಕೊಳ್ಳತೊಡಗಿದರು. ಗಂಟಿದೆ ಎಂದರೆ ಅಕ್ಕ ಅಳೆದಿದ್ದಾಳೆ ಎಂದೇ ಅರ್ಥ.

ಮೇಷ್ಟ್ರ ಕೀಬೋರ್ಡು ಹದಿನಾಲ್ಕು ವರ್ಷದ್ದು. ತಾವೇ ಕಟ್ಟಿದ ಇನ್ನೂರು ಚಿಲ್ಲರೆ ಹಾಡುಗಳನ್ನು ಅದರ ಹೊಟ್ಟೆಯಲ್ಲೇ ತುಂಬಿಟ್ಟಿದ್ದರು. ಕಾಗದದ ಮೇಲೆ ಒಂದು ಗೆರೆಯೂ ಇಲ್ಲ. "ಇನ್ನೊಂದು ಕಡೆ ಇಳಿಸಿಟ್ಟುಕೊಳ್ಳಿ ಮೇಷ್ಟ್ರೇ" ಎಂದು ಇವಳು ಹೇಳುವುದು, "ಮಾಡೋಣ ಬಿಡು ಮಗಳೇ" ಎಂದು ಅವರು ನಗುವುದು, ಹೀಗೇ ನಡೆದಿತ್ತು.

ಒಂದು ಬೆಳಿಗ್ಗೆ ಅವರ ಅಡಾಪ್ಟರಿನ ವೈರು ಹರಿದು, ಹೊಸದು ಬೇಕೆಂದು ಕೋಲೂರಿಕೊಂಡು ಒಬ್ಬರೇ ಬಂದರು. ಗಂಟಕ್ಕನ ಕೈಯಲ್ಲಿ ಬೆಸುಗೆಯ ಕಡ್ಡಿ ಕಾಯುತ್ತಿತ್ತು. ಗೋಡೆಯ ಮೊಳೆಯಿಂದ ಒಂದನ್ನು ತೆಗೆದು ಕೊಟ್ಟಳು. ಅವರು ಬೆರಳಾಡಿಸಿ, "ಒಂದು ಗಂಟು. ನಂದೇ" ಎಂದು ಜೋಳಿಗೆಗೆ ಹಾಕಿಕೊಂಡರು. ಅವಳು ಅಳೆಯಲಿಲ್ಲ. ತನ್ನ ಗಂಟನ್ನು ತಾನೇ ಅನುಮಾನಿಸುವವರುಂಟೇ?

ಮಧ್ಯಾಹ್ನ ಅದೇ ಅಡಾಪ್ಟರನ್ನು ಜೋಳಿಗೆಯಲ್ಲಿಟ್ಟು, ಕೀಬೋರ್ಡು ಅಪ್ಪಿಕೊಂಡು ವಾಪಸ್ ಬಂದರು. "ಹಾಕಿದ ಕೂಡಲೇ ಚಟ್ ಅಂತು. ಸುಟ್ಟ ವಾಸನೆ ಬಂತು ಮಗಳೇ. ಹಾಡುಗಳು ಇದಾವಾ ನೋಡು."

"ಸಂಜೆಯೊಳಗೆ ಮನೆಗೇ ಬಂದು ಹೇಳ್ತೀನಿ" ಎಂದು ಅವರನ್ನು ಕಳಿಸಿ, ಬಿಚ್ಚಿ ನೋಡಿದಳು. ಹಾಡುಗಳಿದ್ದ ಮೆಮೊರಿ ಚಿಪ್ ಸುಟ್ಟು ಸೀಳಿತ್ತು. ಅಡಾಪ್ಟರಿಗೆ ಮೀಟರ್ ಇಟ್ಟಳು: ನಡುವೆ ಪ್ಲಸ್ಸು, ಒಂಬತ್ತೆಂದು ಬರೆದಲ್ಲಿ ಹದಿಮೂರು ವೋಲ್ಟು. ಗಂಟನ್ನು ದೀಪದ ಹತ್ತಿರ ಹಿಡಿದಳು. ದಾರದ ತುದಿ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದು. ಅಂಗಡಿಯಲ್ಲಿ ಕತ್ತರಿ ಇದ್ದದ್ದು ಒಂದೇ ಕಡೆ, ಗಲ್ಲಾದಲ್ಲಿ ಕೂರುವ ತಮ್ಮನ ಡ್ರಾಯರಿನಲ್ಲಿ.

"ಇದನ್ನ ಯಾರೋ ಕಟ್ಟಿದ್ದು?"

ತಮ್ಮ ತಲೆ ಎತ್ತಲಿಲ್ಲ. "ಅಗ್ಗಕ್ಕೆ ಸಿಕ್ತು ಅಂತ ಒಂದು ಪೆಟ್ಟಿಗೆ ತಂದಿದ್ದೆ ಅಕ್ಕ. ಗಂಟಿಲ್ಲದೆ ಯಾರೂ ಮುಟ್ತಿರಲಿಲ್ಲ. ಒಂದು ಗಂಟಿನದೇ ಜಾಸ್ತಿ ಹೋಗತ್ತಲ್ವಾ, ಅದಕ್ಕೇ ಎಲ್ಲಕ್ಕೂ..."

"ಅಳೆದು ನೋಡಿದ್ಯಾ?"

"ಪಿನ್ನು ಸರಿಯಾಗೇ ಕೂತ್ಕೊಳ್ತಿತ್ತು."

ಅಮ್ಮ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಬೈದು ಬೈದೇ ಬದುಕಿದವಳು, ಸ್ಟೂಲಿನ ಮೇಲೆ ಕುಸಿದು ಅತ್ತಳು. "ಗಲ್ಲಾಕ್ಕೆ ಕೈ ಹಾಕಿದ್ರೆ ಎರಡೇಟು ಕೊಟ್ಟು ಮರೀತಿದ್ದೆ ಕಣೋ. ನನ್ನ ಕೈಯನ್ನೇ ಕದ್ದೆಯಲ್ಲೋ ಪಾಪಿ!"

ಸಂಜೆ ಮೇಷ್ಟ್ರ ಕೋಣೆಗೆ ಹೋಗಿ, ಏನನ್ನೂ ಮುಚ್ಚಿಡದೆ ಹೇಳಿದಳು.

"ಒಂದೂ ಉಳಿದಿಲ್ವಾ?"

"ಒಂದೂ ಇಲ್ಲ ಮೇಷ್ಟ್ರೇ. ಆ ಗಂಟು ನಾನು ಹಾಕಿದ್ದಲ್ಲ. ನನ್ನ ತಮ್ಮ..."

"ಕಟ್ಟಿದ್ದು ಅವನು," ಎಂದರು ಮೇಷ್ಟ್ರು. ಬೆರಳುಗಳು ಖಾಲಿ ಮೇಜಿನ ಮೇಲೆ ಓಡಾಡುತ್ತಿದ್ದವು. "ಕೊಟ್ಟಿದ್ದು ನೀನು."

ಮರುದಿನವೇ ಗಂಟಕ್ಕ ತಮ್ಮನನ್ನು ಅಂಗಡಿಯಿಂದ ಬಿಡಿಸಿದಳು. ಆ ಪೆಟ್ಟಿಗೆಯಿಂದ ಮಾರಾಟವಾಗಿದ್ದ ಇಪ್ಪತ್ಮೂರು ಅಡಾಪ್ಟರುಗಳನ್ನು ಮನೆಮನೆಗೆ ಅಲೆದು ವಾಪಸ್ ತಂದಳು. ಕೆಲವರು ಅವಳು ಹಿಂದೆ ಕಟ್ಟಿದ್ದನ್ನೂ ಎದುರಿಗೆ ಎಸೆದು, "ಇದನ್ನೂ ತಗೊಂಡ್ಹೋಗು" ಎಂದರು. ಅದನ್ನೂ ತಂದಳು.

ತಿಂಗಳ ಮೇಲೆ ಮೇಷ್ಟ್ರು ಯಾರದೋ ಹಳೆಯ ಕೀಬೋರ್ಡು ಕೊಂಡರು. ಅದಕ್ಕೆ ಅಡಾಪ್ಟರ್ ಬೇಕಿತ್ತು. ಅವರು ಮೆಟ್ಟಿಲ ಪಕ್ಕ ಬರುವುದನ್ನು ಕಂಡು ಗಂಟಕ್ಕನ ಜೀವ ಹಗುರಾಯಿತು. ಆದರೆ ಈ ಸಲ ಅವರು ಒಬ್ಬರೇ ಬಂದಿರಲಿಲ್ಲ. ಪಕ್ಕದ ಮನೆಯ ದರ್ಜಿಯ ತೋಳು ಹಿಡಿದಿದ್ದರು.

ಅವಳು ಮೀಟರಿನ ಮೊನೆಗಳನ್ನು ಪಿನ್ನಿಗಿಟ್ಟಳು. ದರ್ಜಿ ಬಗ್ಗಿ, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದ: "ಒಂಬತ್ತು. ಮುಂದೊಂದು ಗೆರೆ ಇದೆ, ಮೈನಸ್ಸು."

ಗಂಟಕ್ಕ ದಾರದ ಉಂಡೆಗೆ ಕೈ ಹಾಕಿದಳು. ಉಂಡೆ ಬಿಚ್ಚುವ ಸದ್ದಿಗೆ ಮೇಷ್ಟ್ರು ಅತ್ತ ಮುಖ ತಿರುಗಿಸಿದರು.

"ದಾರ ಬೇಡಮ್ಮ," ಎಂದರು. "ಇವರು ಓದಿದಾರಲ್ಲ, ಸಾಕು."