ಹಟ್ಟಿಯ ದಬ್ಬಳ

ರೊಳ್ಳ ಊರಿನ ಆಚೆಯ ಒಂದು ಕುರಿಹಟ್ಟಿಯಲ್ಲಿ ಗೋಣಿ ಹೊಲಿಯುವ ದಬ್ಬಳ ಮನೆಮನೆಯಲ್ಲೂ ಇತ್ತು. ನಾಯಿ ಹರಿದ ಕುರಿಯನ್ನು ಹೊಲಿಯುವ ದಬ್ಬಳ ಮಾತ್ರ ಒಂದೇ. ಅದು ಅಪ್ಪನಿಂದ ಮಗನಿಗೆ ಬರುವ ಆಸ್ತಿಯಲ್ಲ. ಯಾರ ಕೈಯಲ್ಲಿ ಕುರಿ ಬದುಕುತ್ತದೋ ಅವರ ಹತ್ತಿರ ಇರುತ್ತದೆ, ಸಾಯತೊಡಗಿದರೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಅದನ್ನು ಇಟ್ಟುಕೊಂಡಿದ್ದ ನರಸಕ್ಕನ ಕಣ್ಣು ಮಂಜಾದಾಗ ಅವಳು ಅದನ್ನು ತಮ್ಮನ ಮಗ ಓಬುಲೇಶನಿಗೆ ಕೊಟ್ಟಳು.

ಓಬುಲೇಶನಿಗೆ ಓದು ಹತ್ತಿರಲಿಲ್ಲ, ನಾಲ್ಕು ಜನರೆದುರು ಮಾತೂ ಹೊರಡುತ್ತಿರಲಿಲ್ಲ. ದಬ್ಬಳ ಬಂದ ಮೇಲೆ ಅಮರಾಪುರದ ಕಡೆಯವರೂ ಬೈಕಿನಲ್ಲಿ ಕುರಿ ಅಡ್ಡ ಹಾಕಿಕೊಂಡು ಬಂದು, "ಓಬುಲೇಶಣ್ಣ ಇದ್ದಾನಾ?" ಎಂದು ಕೇಳತೊಡಗಿದರು. ಗಾಯದ ಅಂಚನ್ನು ಇನ್ನೊಬ್ಬರು ಕೂಡಿಸಿ ಹಿಡಿಯಬೇಕು. ಅವನ ಎಡಗೈ ಕುರಿಯ ಕಣ್ಣಿಗೇ ಮೀಸಲು. ಅಂಗೈಯಿಂದ ಕಣ್ಣು ಮುಚ್ಚಿ, ಅದರ ಉಸಿರು ಇಳಿಯುವವರೆಗೆ ಸುಮ್ಮನೆ ಕೂರುತ್ತಿದ್ದ. ಆಮೇಲೆ ಬೇವಿನೆಣ್ಣೆ ಸವರಿದ ದಬ್ಬಳ ಚರ್ಮವನ್ನಷ್ಟೇ ಹಿಡಿದು, ಮಾಂಸಕ್ಕೆ ತಾಕದೆ ದಾಟುತ್ತಿತ್ತು.

ಮಗಳು ಹುಟ್ಟಿದ ವರ್ಷ, ಹೆಂಡತಿ ನಾಗಮಣಿಯ ಅಣ್ಣ ಕಿರಣ್ ಕುಮಾರ್ ಅವನನ್ನು ಮಲ್ಪೆಗೆ, ತಾನು ದುಡಿಯುವ ದೋಣಿಗೆ ಕರೆದ. ಹೊರಡುವ ದಿನ ನರಸಕ್ಕ ಬಾಗಿಲಲ್ಲಿ ಕೂತಿದ್ದಳು.

"ದಬ್ಬಳಾನೂ ತಗೊಂಡು ಓಗ್ತೀಯೇನ್ಲಾ?"

"ಕುರಿ ಈಯೋ ಕಾಲಕ್ಕೆ ಬತ್ತೀನಲ್ಲ ಅತ್ತೆ."

"ಕೈ ತಗೊಂಡು ಬಾ. ದಬ್ಬಳದ ಮಾತು ಆಮ್ಯಾಕೆ."

ಅದು ಬಲೆಯ ದೋಣಿಯಲ್ಲ, ಗಾಳದ ದೋಣಿ. ದೊಡ್ಡ ಅಂಜಲ್ ಮೀನಿಗೆ ಜೀವಂತ ಬಂಗುಡೆಯೇ ಆಗಬೇಕೆಂಬುದು ದೋಣಿ ನಡೆಸುವ ತಾಂಡೇಲನ ಹಟ. ಬೆಳಗ್ಗೆ ಹಿಡಿದ ಬಂಗುಡೆಗಳನ್ನು ಉಪ್ಪುನೀರಿನ ಡ್ರಮ್ಮಿನಲ್ಲಿ ಸಾಕಿ, ಒಂದೊಂದನ್ನೇ ಗಾಳಕ್ಕೆ ಕಟ್ಟಬೇಕು. ಹೊಟ್ಟೆಗೆ ಚುಚ್ಚಿದರೆ ಸಾಯುತ್ತದೆ. ಕಣ್ಣುಗುಡ್ಡೆಯ ಮುಂದೆ, ಮೂಳೆಯ ಸಂದಿನಲ್ಲಿ ದಾರ ದಾಟಿಸಿ, ಆ ದಾರಕ್ಕೆ ಗಾಳವನ್ನು ಬಿಗಿದರೆ ಮೀನು ಹಣೆಯ ಮೇಲೆ ಕಬ್ಬಿಣ ಹೊತ್ತುಕೊಂಡೇ ಈಜುತ್ತದೆ. ಬಾಲದ ಬಳಿ ಇನ್ನೊಂದು ಗಾಳ, ಅಂಜಲಿನ ಹಲ್ಲಿಗೆ ತುಂಡಾಗದ ತಂತಿ.

ದಾರ ದಾಟಿಸುವುದನ್ನು ಒಮ್ಮೆ ನೋಡಿ ಓಬುಲೇಶ ತನ್ನ ದಬ್ಬಳ ತೆಗೆದ. ಒಂದು ತೊಟ್ಟು ರಕ್ತ ಬರಲಿಲ್ಲ. ಕಿರಣ್ ಕುಮಾರ್ ಎಲ್ಲರ ಮುಖ ನೋಡಿ ನಕ್ಕ.

ಆದರೆ ಓಬುಲೇಶ ಕಟ್ಟಿದ ಬಂಗುಡೆಗಳಿಗೆ ಅಂಜಲ್ ಬೀಳಲಿಲ್ಲ. ದಾರ ದಾಟಿಸುವ ಮುಂಚೆ ಅವನ ಎಡಗೈ ತಾನಾಗಿ ಮೀನಿನ ಕಣ್ಣು ಮುಚ್ಚುತ್ತಿತ್ತು. ಮೀನು ಒದ್ದಾಟ ಬಿಟ್ಟು ತಣ್ಣಗಾಗುತ್ತಿತ್ತು. ಎರಡೂ ಕೈಯಲ್ಲಿ ಎತ್ತಿ ನೀರಿಗೆ ಬಿಟ್ಟರೆ, ಅದು ನಿಧಾನಕ್ಕೆ ಒಂದು ಸುತ್ತು ಹಾಕಿ ದೋಣಿಯ ನೆರಳಿಗೇ ಬಂದು ನಿಲ್ಲುತ್ತಿತ್ತು.

"ಎಂತ ಮಾರಾಯ, ಮೀನಿಗೆ ಜೋಗುಳ ಹಾಡುದಾ ನೀನು?" ಎಂದ ತಾಂಡೇಲ. "ಹೆದರಿದ್ದು ಮಾತ್ರ ದೂರ ಓಡ್ತದೆ. ಕಣ್ಣು ಮುಚ್ಚಬೇಡ. ನಿನ್ನನ್ನು ನೋಡ್ಲಿ ಅದು."

"ಕೈ ತಾನೇ ಹೋಗ್ತೈತಣ್ಣ."

"ಹಾಗಾದ್ರೆ ಕೈಗೆ ಹೇಳುವ. ನಾಳೆಯೂ ಹೀಗೇ ಆದ್ರೆ ನೀನೂ ಇಳಿ, ನಿನ್ನ ಬಾವನೂ ಇಳೀಲಿ."

ಮರುದಿನ ತಾಂಡೇಲ ಮಗ್ಗುಲಲ್ಲೇ ಕೂತ, ತೊಡೆಯ ಮೇಲೆ ಕೊಕ್ಕೆಕೋಲು ಇಟ್ಟುಕೊಂಡು. ಎಡಗೈ ಮೀನಿನ ಕಣ್ಣಿನ ಕಡೆ ಹೋದಾಗೆಲ್ಲ ಕೋಲಿನ ಹಿಡಿಯಿಂದ ಬೆರಳ ಗೆಣ್ಣಿಗೆ ಒಂದು ಕೊಡುತ್ತಿದ್ದ. ಸಿಟ್ಟಿನಿಂದಲ್ಲ, ಎತ್ತಿಗೆ ದಾರಿ ಕಲಿಸುವಂತೆ. ಪ್ರತಿ ಸಲವೂ ಉಳಿದವರು ನಕ್ಕರು. ಕಿರಣ್ ಕುಮಾರ್ ಮೊದಲು ನಗಲಿಲ್ಲ, ಆಮೇಲೆ ಅವನೂ ನಕ್ಕ. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಬೆರಳುಗಳು ಊದಿ ಮಡಚಲಾಗುತ್ತಿರಲಿಲ್ಲ. ತಾಂಡೇಲ ಕತ್ತರಿ ಕೊಟ್ಟ.

"ಬಾಲದ ತುದಿ ಕತ್ತರಿಸು. ಓರೆಯಾಗಿ ಒದ್ದಾಡ್ಬೇಕು ಅದು."

ಓಬುಲೇಶ ಕತ್ತರಿಸಿದ. ಬಂಗುಡೆಯ ಕಣ್ಣು ಅವನನ್ನೇ ನೋಡುತ್ತಿತ್ತು. ದಾರ ದಾಟಿಸಿ ಎಸೆದ. ಅದು ನೆರಳಿಗೆ ಬರಲಿಲ್ಲ. ನೀರನ್ನು ಹರಿದುಕೊಂಡು ಓಡಿತು. ಸ್ವಲ್ಪ ಹೊತ್ತಿಗೆ ಹಗ್ಗ ಬಿಗಿದು ದೋಣಿಯೇ ವಾಲಿತು.

ಮೇಲೆಳೆದ ಅಂಜಲ್ ಟಗರಿನಷ್ಟು ಭಾರವಿತ್ತು. ಅದರ ಬಾಯಿಯಿಂದ ಬಂಗುಡೆಯ ತಲೆಯೊಂದೇ ಜೋತಾಡುತ್ತಿತ್ತು. ಮೈಯೇ ಇರಲಿಲ್ಲ, ಹಣೆಯ ಮೇಲಿನ ಗಂಟು ಬಿಚ್ಚಿರಲಿಲ್ಲ.

"ನೋಡಿ, ಕುರಿ ಡಾಕ್ಟ್ರ ಹೊಲಿಗೆ," ಎಂದ ತಾಂಡೇಲ. ಆ ದಿನದಿಂದ ಜೀವದ ಮೀನು ಕಟ್ಟುವ ಕೆಲಸ ಓಬುಲೇಶನದೇ ಆಯಿತು. ಕೆಲಸ ಉಳಿಯಿತು.

ಕುರಿ ಈಯುವ ಕಾಲಕ್ಕೆ ಅವನು ಹಟ್ಟಿಗೆ ಬಂದ. ಬಂದ ಮರುದಿನವೇ ನಾಯಿಗಳು ನರಸಕ್ಕನ ಕುರಿಯೊಂದರ ತೊಡೆ ಹರಿದವು. ತುಂಬಿದ ಬಸಿರು ಅದಕ್ಕೆ. ಹೊತ್ತು ತಂದು ಕುರಿ ಕೂಡುವ ರೊಪ್ಪದ ಮುಂದೆ ಮಲಗಿಸಿದರು. ಮಗುವನ್ನು ಸೊಂಟದ ಜೋಲಿಗೆ ಸರಿಸಿಕೊಂಡು ನಾಗಮಣಿ ಗಾಯದ ಅಂಚು ಕೂಡಿಸಿ ಹಿಡಿದಳು. ಉಪ್ಪಿಗೆ ಕಪ್ಪಾದ ದಬ್ಬಳವನ್ನು ಓಬುಲೇಶ ಎಣ್ಣೆಯಲ್ಲಿ ಅದ್ದಿದ.

ಅವನ ಎಡಗೈ ಕುರಿಯ ದವಡೆಯನ್ನು ಹಿಡಿದು ನೆಲಕ್ಕೆ ಅದುಮಿತು. ದಬ್ಬಳ ಆಗಲೇ ಚರ್ಮದಲ್ಲಿತ್ತು. ಕುರಿ ಕಣ್ಣರಳಿಸಿ ಅವನನ್ನು ನೋಡುತ್ತ, ಹೆದರಿ ಏದುಸಿರು ಬಿಡುತ್ತ ಕಾಲು ಜಾಡಿಸತೊಡಗಿತು.

"ಕಣ್ ಮುಚ್ಚೋ," ಎಂದಳು ನರಸಕ್ಕ. ಅವಳಿಗೆ ಕಾಣುತ್ತಿರಲಿಲ್ಲ. ಉಸಿರು ಕೇಳುತ್ತಿತ್ತು.

"ಆಯ್ತು ಅತ್ತೆ, ಇನ್ನೇನು ಮುಗೀತು."

"ಮುಗಿಸು ಅಂದ್ನಾ? ಕಣ್ ಮುಚ್ಚು ಅಂದೆ."

ನಾಗಮಣಿ ತನ್ನೊಂದು ಕೈ ಬಿಡಿಸಿಕೊಂಡು, ಮಗುವನ್ನು ಮಲಗಿಸುವಾಗ ಇಡುವಂತೆ, ಕುರಿಯ ಕಣ್ಣಿನ ಮೇಲೆ ಇಟ್ಟಳು. ಅಷ್ಟರಲ್ಲಿ ಓಬುಲೇಶ ಕೊನೆಯ ಗಂಟು ಬಿಗಿದಿದ್ದ. ಅವಳ ಅಂಗೈಯಡಿಯಲ್ಲಿ ಉಸಿರು ಇಳಿಯಿತು, ಇನ್ನೂ ಇಳಿಯಿತು, ಮತ್ತೆ ಏರಲಿಲ್ಲ. ಹೊಟ್ಟೆಯೊಳಗಿನ ಮರಿ ಸ್ವಲ್ಪ ಹೊತ್ತು ಒದೆಯಿತು. ಆಮೇಲೆ ಅದೂ ಸುಮ್ಮನಾಯಿತು.

ನರಸಕ್ಕ ಬೆರಳಾಡಿಸಿ ಹೊಲಿಗೆಯನ್ನು ಮುಟ್ಟಿ ನೋಡಿದಳು. "ಹೊಲಿಗೆ ಶಾನೆ ಸಂದಾಗೈತೆ ಕಣಪ್ಪ. ಸತ್ತಿದ್ದಕ್ಕೆ ಇಷ್ಟು ಸಂದಾಗಿ ನಾನ್ಯಾವತ್ತೂ ಹೊಲ್ದಿರ್ಲಿಲ್ಲ."

ಅವಳು ಅಂಗೈ ಚಾಚಿದಳು. ಓಬುಲೇಶ ದಬ್ಬಳವನ್ನು ಸೆರಗಿಗೆ ಒರೆಸಲು ನಾಗಮಣಿಯ ಕಡೆ ನೋಡಿದ. ಅವಳು ಸೆರಗು ಕೊಡಲಿಲ್ಲ. ತನ್ನ ಪಂಚೆಗೇ ಒರೆಸಿ ಅತ್ತೆಯ ಅಂಗೈಯಲ್ಲಿಟ್ಟ. ನರಸಕ್ಕ ತಡವರಿಸಿ ನಾಗಮಣಿಯ ಮೊಣಕೈ ಹಿಡಿದು, ಅದನ್ನು ಅವಳ ಕೈಗೆ ಒತ್ತಿದಳು.

"ಉಪ್ಪು ಹತ್ತೈತೆ. ಬೂದಿ ಹಾಕಿ ತಿಕ್ಕಮ್ಮ."

ಆ ವಾರದ ಕೊನೆಗೆ ತಾಂಡೇಲನ ಫೋನು ಬಂತು: ಅಂಜಲ್ ಬಂದಿದೆ, ಬೇಗ ಬಾ. ಓಬುಲೇಶ ಚೀಲ ಹೆಗಲಿಗೇರಿಸಿ ಹೊರಟಾಗ ರೊಪ್ಪದ ಹತ್ತಿರ ಅಮರಾಪುರದ ಬೈಕೊಂದು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕಿವಿ ಹರಿದ ಟಗರು. ಬೈಕಿನವನು ಅವನ ಮುಖವನ್ನೇ ನೋಡಿ ಕೇಳಿದ:

"ಅಣ್ಣಾ, ನಾಗಮಣಕ್ಕ ಎಲ್ಲವ್ರೆ?"

ಓಬುಲೇಶ ಗೆಣ್ಣು ದಪ್ಪವಾಗಿಯೇ ಉಳಿದ ಎಡಗೈ ಎತ್ತಿ, ತನ್ನ ಮನೆಯನ್ನು ತೋರಿಸಿ, ಬಸ್ಸಿನ ದಾರಿ ಹಿಡಿದ.