ಕೆಂಪು ಮೀನಿನ ಮರಿಗಳು ಕಾಣೆಯಾದ ವಿಷಯವಾಗಿ

ಕಳೆದ ಭಾನುವಾರ ಬೆಳಿಗ್ಗೆ ಹಿತ್ತಿಲಿನ ನೀರಿನ ತೊಟ್ಟಿ ತೊಳೆಯಲೆಂದು ಬಗ್ಗಿದಾಗ, ತಳದಲ್ಲಿ ನೆನೆದು ಕಪ್ಪಾಗಿದ್ದ ಒಂದು ಕಾಡುಬಾದಾಮಿ ಎಲೆಯ ವಾಸನೆ ಮೂಗಿಗೆ ತಾಕಿತು. ಚಹಾ ಸೊಪ್ಪಿಗೂ ಹಳೆಯ ಚರ್ಮಕ್ಕೂ ನಡುವಿನ ಒಂದು ಒಗರು ವಾಸನೆ ಅದು. ನಾನು ಕೈಯಲ್ಲಿದ್ದ ತೆಂಗಿನ ನಾರನ್ನು ಬಿಟ್ಟು ಅಲ್ಲಿಯೇ ಕುಳಿತೆ. ಏಳು ವರ್ಷಗಳಿಂದ ಇತ್ಯರ್ಥವಾಗದೆ ಉಳಿದ ವಿಷಯವೊಂದು ಆ ವಾಸನೆಯೊಡನೆ ಮೇಲೆದ್ದು ಬಂದಿತ್ತು. ಅದನ್ನು ಓದುಗರ ಅವಗಾಹನೆಗೆ ತರುವ ಉದ್ದೇಶದಿಂದ ಈ ಬರಹ. ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ನಾನು ಬರೆದವನಲ್ಲ. ಲೋಪದೋಷಗಳನ್ನು ತಾವು ಮನ್ನಿಸುವಿರೆಂದು ನಂಬಿದ್ದೇನೆ.

ನಾವು ರಾಜಾಜಿನಗರದ ಈ ಮನೆಗೆ ಬಂದಾಗ ಸುತ್ತಲೂ ಗೂಟ ನೆಟ್ಟ ಖಾಲಿ ನಿವೇಶನಗಳೇ ಹೆಚ್ಚು. ಯಾರ ಪರಿಚಯವೂ ಇರಲಿಲ್ಲವಾದ್ದರಿಂದ ಎಲ್ಲರನ್ನೂ ಸಮಾನವಾಗಿ ಶಂಕಿಸುವುದು ನನಗೆ ಸುಲಭವಾಗಿತ್ತು. ಸೀಮೆಎಣ್ಣೆ ಡಬ್ಬಿಗೆ ಪೆನ್ಸಿಲಿನಿಂದ ಗೆರೆ ಎಳೆದಿಡುತ್ತಿದ್ದೆ. ಹಾಲಿನವನು ಬಂದಾಗ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಏನು ನೋಡಬೇಕೆಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಹೀಗಿರುವಾಗ ಕಿಟಕಿಗೆ ಚೌಕಟ್ಟು ಕೂರಿಸಲು ಬಂದ ಕಾಮಾಕ್ಷಿಪಾಳ್ಯದ ಬಡಗಿ ಚೆನ್ನಯ್ಯನವರು, ಹಲಗೆಗಳ ಜೊತೆಗೆ ಒಂದು ಗಾಜಿನ ಜಾಡಿಯನ್ನೂ ತಂದು ಜಗಲಿಯ ಮೇಲಿಟ್ಟರು. ಅದರೊಳಗೆ ದಾಸವಾಳದ ಮೊಗ್ಗೊಂದು ಈಜುತ್ತಿತ್ತು.

ಬೆಟ್ಟಾ ಎಂದು ಕರೆಯುವ ಕಾಳಗದ ಮೀನು ಅದು. ಎರಡು ಗಂಡುಗಳು ಪರಸ್ಪರ ಕಂಡರೆ ಸಾಕು, ರೆಕ್ಕೆಯಗಲಿಸಿ ಸಿಡಿಯುತ್ತವೆ. ಆದ್ದರಿಂದ ಜಾಡಿಗೊಂದರಂತೆ ಇಟ್ಟು, ಜಾಡಿಗಳ ನಡುವೆ ರಟ್ಟು ನಿಲ್ಲಿಸುವುದು ವಾಡಿಕೆ. ಸಾಮಾನ್ಯವಾಗಿ ಸಿಗುವ ಮೀನುಗಳ ಕೆಂಪಿನಲ್ಲಿ ಎಲ್ಲಿಯಾದರೂ ನೀಲಿ, ಹಸಿರು ಬೆರೆತಿರುತ್ತದೆ. ಚೆನ್ನಯ್ಯನವರ ಗಂಡಿನಲ್ಲಿ ಆ ಕಲಬೆರಕೆ ಇರಲಿಲ್ಲ. ನಾನು ಮಾರುಕಟ್ಟೆಯ ಬಳಿಯಿಂದ ಅಂಥದ್ದೇ ಒಂದು ಹೆಣ್ಣನ್ನು ತಂದೆ. ಗಂಡು ಅವರದು, ಹೆಣ್ಣು ನನ್ನದು, ಮರಿಗಳಲ್ಲಿ ಅರ್ಧ ಅರ್ಧ ಎಂದು ಮಾತಾಯಿತು. ಅವರೇ ಅಗಲ ಬಾಯಿಯ ಬಾನಿಗೆ ನೀರು ತುಂಬಿಸಿ, ಒಣಗಿದ ಕಾಡುಬಾದಾಮಿ ಎಲೆ ಹಾಕಿ, ಹಲಗೆಯ ಮುಚ್ಚಳವೊಂದನ್ನು ಮಾಡಿಕೊಟ್ಟರು.

“ಮೊಟ್ಟೆ ಇಟ್ಟ ತಕ್ಷಣ ಹೆಣ್ಣನ್ನ ತೆಗೆದುಬಿಡಿ ಸ್ವಾಮಿ. ಆಮೇಲೆ ಗಂಡೇ ಕಾಯ್ತದೆ. ನೀವು ಮಾತ್ರ ಮುಚ್ಚಳ ತೆಗೀಬೇಡಿ. ಗಾಬರಿ ಬಿದ್ರೆ ಮೊಟ್ಟೆ ಮರಿ ಎಲ್ಲ ತಾನೇ ತಿಂದ್ಬಿಡ್ತದೆ.”

ನಾನು ತಲೆಯಾಡಿಸಿದೆ. ಆದರೆ ಅವರು ಗೇಟು ದಾಟುವ ಮೊದಲೇ ಸಂಶಯ ಹುಟ್ಟಿತ್ತು. ನೋಡಬೇಡಿ ಎನ್ನುವವರು ಏನನ್ನೋ ಮುಚ್ಚಿಡುವವರೇ ಆಗಿರಬೇಕಲ್ಲವೇ? ಮರಿಗಳನ್ನು ನಾನು ನೋಡದಿದ್ದರೆ ಅರ್ಧವೆಂದರೆ ಎಷ್ಟೆಂದು ನನಗೆ ಹೇಗೆ ತಿಳಿಯಬೇಕು?

ಬುಧವಾರ ಗಂಡು ನೊರೆಯ ಗೂಡು ಕಟ್ಟಿತು, ಮೊಟ್ಟೆಗಳಾದವು. ಹೆಣ್ಣನ್ನು ತೆಗೆದೆ. ಗುರುವಾರ ಚೆನ್ನಯ್ಯನವರು ವಿಚಾರಿಸಲು ಬಂದಾಗ, “ಇನ್ನೂ ಗೂಡೇ ಕಟ್ಟಿಲ್ಲ” ಎಂದುಬಿಟ್ಟೆ. ಶುಕ್ರವಾರ ನೊರೆಯ ಕೆಳಗೆ ಕೂದಲೆಳೆಯಂಥ ಮರಿಗಳು ಬಾಲ ಕೆಳಗಾಗಿ ತೂಗುತ್ತಿದ್ದವು. ಜಾರಿ ಬಿದ್ದ ಮರಿಯನ್ನು ಗಂಡು ಮೀನು ಬಾಯಲ್ಲಿ ಹಿಡಿದು ಮತ್ತೆ ನೊರೆಗೆ ಅಂಟಿಸುತ್ತಿತ್ತು. ಕಚೇರಿಗೆ ಹೋಗುವ ಮೊದಲು ನೋಡಿದೆ, ಬಂದ ಮೇಲೆ ನೋಡಿದೆ, ಕಾಫಿ ಕುಡಿದು ನೋಡಿದೆ. ನನ್ನ ನೆರಳು ಬಿದ್ದಾಗಲೆಲ್ಲ ಅದು ರೆಕ್ಕೆಯಗಲಿಸಿ ನನ್ನತ್ತ ನುಗ್ಗುತ್ತಿತ್ತು. ಮೀನಿಗೂ ನನ್ನ ಮೇಲೆ ಸಂಶಯವೆಂದುಕೊಂಡೆ.

ಶನಿವಾರ ಚೆನ್ನಯ್ಯನವರು ಸ್ನಾನದ ಮನೆಯ ಬಾಗಿಲಿಗೆ ಚಿಲಕ ಹಾಕಲು ಹಿತ್ತಿಲಿಗೆ ಬಂದು ಹೋದರು. ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ನೊರೆ ಚದುರಿತ್ತು. ಮರಿ ಒಂದೂ ಇರಲಿಲ್ಲ.

ಚೆನ್ನಯ್ಯನವರಿಗೆ ಹೇಳಿ ಕಳುಹಿಸಿ ಕರೆಸಿದೆ. ನನ್ನ ಪತ್ನಿ ಕಮಲ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಅದುವರೆಗೆ ಬಹುವಚನದಲ್ಲಿ ಮಾತನಾಡಿಸುತ್ತಿದ್ದವನು ಏಕವಚನಕ್ಕೆ ಇಳಿದೆ.

“ಇನ್ನೂರ ಹದಿನಾಲ್ಕು ಮರಿ ಇದ್ದವು. ನಿನ್ನೆ ಇಲ್ಲಿಗೆ ಬಂದವನು ನೀನೊಬ್ಬನೇ.”

“ಮರಿ ಆಗಿತ್ತಾ? ಗೂಡೇ ಕಟ್ಟಿಲ್ಲ ಅಂದಿದ್ರಲ್ಲ ಸ್ವಾಮಿ.” ಅವರು ಬಾನಿಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. “ಇದರ ಹೊಟ್ಟೆ ನೋಡಿ. ಹೇಗೆ ಉಬ್ಬಿದೆ. ಇನ್ನೂರ ಹದಿನಾಲ್ಕು ಎಣಿಸೋಕೆ ಎಷ್ಟು ಸಲ ಮುಚ್ಚಳ ತೆಗೆದ್ರಿ?”

“ಅದು ಅಪ್ರಸ್ತುತ” ಎಂದೆ.

ಅವರು ಗಂಡನ್ನು ಜಾಡಿಗೆ ಹಾಕಿಕೊಂಡು ಹೊರಟುಹೋದರು. ಸಂಜೆಯೊಳಗೆ ಕಮಲ ಸಾಲಿನ ಎಲ್ಲ ಮನೆಗಳಿಗೂ ವಿಷಯ ಮುಟ್ಟಿಸಿದ್ದಳು. ಹೊಸ ಬಡಾವಣೆಯಲ್ಲಿ ದಿನಕ್ಕೊಂದು ಮನೆ ಏಳುತ್ತಿದ್ದ ಕಾಲ. ಬಾಗಿಲು ಕಿಟಕಿಗಳಿಗೆ ಲೆಕ್ಕವಿರಲಿಲ್ಲ. ಆದರೆ ಮೀನು ಕದ್ದವನನ್ನು ಮನೆಯೊಳಗೆ ಬಿಟ್ಟುಕೊಳ್ಳುವವರು ಯಾರು? ಎದುರುಮನೆಯವರು ಒಮ್ಮೆ, “ಆ ಬಡಗಿ ಹೇಗೆ?” ಎಂದು ಕೇಳಿದಾಗ, “ನಾನೇನೂ ಹೇಳೋದಿಲ್ಲ ಸಾರ್” ಎಂದೆ. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಆ ಮಾತಿನ ತೂಕ ಗೊತ್ತು.

ಉಬ್ಬಿದ ಹೊಟ್ಟೆಯನ್ನು ನಾನೂ ಕಂಡಿದ್ದೆ. ಇನ್ನೊಂದು ಸಂಗತಿಯೂ ನನಗೊಬ್ಬನಿಗೇ ಗೊತ್ತಿತ್ತು: ನಾನು ಮರಿಗಳನ್ನು ಎಣಿಸಿಯೇ ಇರಲಿಲ್ಲ. ಆ ಸಂಖ್ಯೆ ಬಾಯಿಗೆ ಬಂದದ್ದು. ಸುಳ್ಳಿಗೆ ಒಂದು ನಿರ್ದಿಷ್ಟ ಸಂಖ್ಯೆ ಕೊಟ್ಟರೆ ಅದು ದಾಖಲೆಯಂತೆ ಕಾಣುತ್ತದೆಂಬುದನ್ನು ನನಗೆ ಉದ್ಯೋಗವೇ ಕಲಿಸಿತ್ತು.

ಮೊನ್ನೆ ಭಾನುವಾರ ತೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಕಾಮಾಕ್ಷಿಪಾಳ್ಯಕ್ಕೆ ನಡೆದೆ. ಚೆನ್ನಯ್ಯನವರು ಮನೆಯ ಮುಂದೆ ಕುಳಿತಿದ್ದರು. ಈಗ ಯಾವುದೋ ಕಾರ್ಖಾನೆಯಲ್ಲಿ ಸಾಮಾನು ತುಂಬುವ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಾರಂತೆ. ಕಿಟಕಿ ಬಾಗಿಲ ಕೆಲಸ ಬಿಟ್ಟು ವರ್ಷಗಳಾದವಂತೆ. ಮರಿಗಳನ್ನು ಎಣಿಸಿರಲಿಲ್ಲವೆಂದು ನಾನು ನಿಂತಲ್ಲೇ ಹೇಳಿದೆ.

“ಇದನ್ನ ಹೇಳೋಕೆ ಏಳು ವರ್ಷ ಬೇಕಾಯ್ತಾ ಸ್ವಾಮಿ? ಕಾಮಾಕ್ಷಿಪಾಳ್ಯ ಅಷ್ಟು ದೂರಾನಾ?” ಎಂದು ನಕ್ಕರು. ನಗು ಬೇಗ ನಿಂತಿತು. “ನಂಗೆ ಅವತ್ತೇ ಗೊತ್ತಾಯ್ತು. ಕೂದಲೆಳೆಯಂಥ ಮರಿಗಳನ್ನ ಯಾರು ಎಣಿಸ್ತಾರೆ?”

“ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?”

“ಅಮ್ಮೋರು ನಿಂತಿದ್ರಲ್ಲ. ಅವರೆದುರಿಗೆ ನಿಮ್ಮನ್ನ ಸುಳ್ಳುಗಾರ ಅನ್ನೋದಾ? ನೀವೇ ನಾಳೆ ನಾಡಿದ್ದು ಹೇಳ್ತೀರಿ ಅಂದ್ಕೊಂಡೆ.”

ಮನೆಗೆ ಬಂದಾಗ ಕಮಲ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು.

“ಮತ್ತೆ ನಾನು ಮನೆ ಮನೆಗೆ ಹೋಗಿ ಅವರನ್ನ ಕಳ್ಳ ಅಂದಿದ್ದು?”

ಅವಳು ಮೊರ ಸರಿಸಿ, ಸೆರಗು ಬಿಗಿದು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ?”

“ಮೂಲೆ ಮನೆಗೆ. ಅವರಿಗೇ ಮೊದಲು ಹೇಳಿದ್ದು ನಾನು. ನೀವು ಅನ್ನಕ್ಕಿಡಿ.”

ಮಧ್ಯಾಹ್ನ ಬಿಸಿಲಿಗೆ ಕೆಂಪಾಗಿ ಮರಳಿದಳು. ಒಂಬತ್ತು ಮನೆಗಳಲ್ಲಿ ಹೇಳಿಯಾಯಿತಂತೆ. ಇನ್ನು ಮೂರು ಮನೆಗಳವರು ವರ್ಗವಾಗಿ ಎಂದೋ ಊರು ಬಿಟ್ಟಿದ್ದಾರೆ. ಎಲ್ಲಿದ್ದಾರೆಂದು ಯಾರಿಗೂ ತಿಳಿಯದು. ಆ ಮೂರು ಮನೆಯವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದಲ್ಲಿ, ದಯವಿಟ್ಟು ಗಮನಿಸಬೇಕು: ಸದರಿ ಚೆನ್ನಯ್ಯನವರು ನಮ್ಮ ಮನೆಯಿಂದ ತಮ್ಮ ಮೀನಿನ ಹೊರತು ಬೇರೇನನ್ನೂ ಒಯ್ದಿಲ್ಲ.