ಜೇಬಿನ ಬಟ್ಟೆಯ ಮೇಲೆ ಒಂದು ಹನಿ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ನಾನು ಎದ್ದು ಚಹಾ ಕುಡಿಯಲು ಹೋಗುತ್ತಿದ್ದವನು. ಡ್ರೈವರುಗಳ ನಡುವೆ ಇವಕ್ಕೇನೂ ಕೊರತೆಯಿಲ್ಲ. ಹುಣಸೆಮರದ ಬಳಿ ಕೈ ಅಡ್ಡ ಹಿಡಿದ ಹೆಂಗಸು, ತಾನಾಗಿಯೇ ಆರಿದ ಲೈಟು, ಹೀಗೆ ಏನೇನೋ. ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದನ್ನು ಕೂಡ ಹೆಂಡತಿಯ ಸಮಾಧಾನಕ್ಕೆ ಮಾಡುತ್ತಿದ್ದೆ. ಅದೇ ಹಣ್ಣು ಪಾನಕಕ್ಕೆ ಆಗುತ್ತಿತ್ತಲ್ಲ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಅಂಥ ನಾನೇ ಇದನ್ನು ಬರೆಯುತ್ತಿದ್ದೇನೆ. ನಡೆದದ್ದು ಯಾವ ಹಾಳುಗುಡಿಯಲ್ಲೂ ಅಲ್ಲ, ನಮ್ಮ ಮನೆಯ ಅಂಗಳದಲ್ಲಿ, ಬೆಳಗಿನ ಬಿಸಿಲು ಬಿದ್ದ ಮೇಲೆ.

ಆಗ ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಜೋರಾಗಿದ್ದ ಕಾಲ. ಬೆಂಗಳೂರಿನಲ್ಲಿ ಎಂಟು ವರ್ಷ ಬೇರೆಯವರ ಲಾರಿ ಓಡಿಸಿ ಸಾಕಾಗಿ ಊರಿಗೆ ಬಂದು, ಒಂದು ಹಳೆಯ ಮಿನಿ ಲಾರಿ ಕೊಂಡಿದ್ದೆ. ಕತ್ತರಿಸಿದ ಪ್ಯಾಂಟಿನ ಗಂಟುಗಳನ್ನು ಗುಮ್ಮಘಟ್ಟ, ಬೆಳುಗುಪ್ಪದ ಕಡೆಯ ಹೊಲಿಯುವವರ ಮನೆಗಳಿಗೆ ಹಂಚುವುದು, ಹೊಲಿದದ್ದನ್ನು ವಾಪಸು ತರುವುದು ನನ್ನ ಕೆಲಸ. ಹೆಂಡತಿ ರತ್ನಮ್ಮ ಮನೆಯಲ್ಲೇ ಮಿಷನ್ನಿನ ಮುಂದೆ ಕೂತು ಜೇಬು ಹೊಲಿಯುತ್ತಿದ್ದಳು. ಸಂಜೆ ನಮ್ಮ ಲಾರಿ ನಮ್ಮ ಬೇವಿನಮರದ ಕೆಳಗೆ ನಿಂತಿರುವುದನ್ನು ನೋಡಿದರೆ ಊಟಕ್ಕೆ ಮೊದಲೇ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

ಆದರೆ ಲಾರಿ ಸೋರುತ್ತಿತ್ತು. ಎಲ್ಲಿಂದ ಎಂದು ಕೇಳಬೇಡಿ, ಎಲ್ಲಿಂದ ಸೋರುತ್ತಿರಲಿಲ್ಲ ಎಂದು ಕೇಳಿ. ಹಳೆಯ ಗಾಡಿಯ ಸೋರಿಕೆ ಹುಡುಕುವುದು ಹೇಳಿದಷ್ಟು ಸುಲಭವಲ್ಲ. ಓಡುವಾಗ ಗಾಳಿಗೆ ಎಣ್ಣೆ ಹಿಂದಕ್ಕೆ ಹರಡಿ, ಮುಂದೆ ಸೋರಿದ್ದು ಹಿಂದೆ ಕಾಣಿಸುತ್ತದೆ. ಅದರ ಮೇಲೆ ಧೂಳು ಕೂತು ಎಲ್ಲವೂ ಒಂದೇ ಬಣ್ಣ. ನಾನು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ ಗಂಟೆಗಟ್ಟಲೆ ನೋಡುತ್ತಿದ್ದೆ, ಮುಖದ ಮೇಲೆ ಹನಿ ಬೀಳುತ್ತಿತ್ತು, ಯಾವುದರ ಹನಿಯೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಉಪಾಯ ಹೊಳೆದದ್ದು ರತ್ನಮ್ಮನಿಗೆ. ಜೇಬಿನ ಒಳಗೆ ಹಾಕುವ ಬಿಳಿ ಬಟ್ಟೆಯ ಉಳಿದ ತುಂಡುಗಳನ್ನು ಜೋಡಿಸಿ ಲಾರಿಯಷ್ಟೇ ಉದ್ದದ ಹಾಸು ಹೊಲಿದಳು. ಪ್ಯಾಂಟಿಗೆ ಗೆರೆ ಎಳೆಯುವ ಚಾಕ್‌ಪೀಸಿನಿಂದ ಅದರ ಮೇಲೆ ನಾಲ್ಕು ಚಕ್ರ, ಎಂಜಿನ್, ಗೇರ್‌ಬಾಕ್ಸ್ ಎಲ್ಲದರ ಜಾಗ ಗುರುತು ಮಾಡಿದಳು. ದಿನಾ ಹಾಸನ್ನು ಒಗೆದು, ಅಳಿಸಿದ ಗುರುತು ಮತ್ತೆ ಎಳೆದು, ಸಂಜೆ ಲಾರಿಯ ಕೆಳಗೆ ಹರಡಿ ಮೂಲೆಗಳಿಗೆ ಕಲ್ಲು ಇಡುವಳು. ಬೆಳಗ್ಗೆ ಎಳೆದು ನೋಡಿದರೆ ಲಾರಿಯ ರೋಗವೆಲ್ಲ ಬರೆದಿಟ್ಟಂತೆ ಕಾಣುತ್ತಿತ್ತು. ಕಪ್ಪು ಕಲೆ ಎಂಜಿನ್ ಆಯಿಲ್, ದಪ್ಪಗೆ ನಾರುವುದು ಗೇರ್ ಆಯಿಲ್, ತುಕ್ಕಿನ ಬಣ್ಣದ್ದು ರೇಡಿಯೇಟರ್ ನೀರು. ಮೆಕ್ಯಾನಿಕ್ ಖಾಜಾಸಾಬರು ಆ ಬಟ್ಟೆ ನೋಡಿ ಬಿದ್ದುಬಿದ್ದು ನಕ್ಕರು. ಆಮೇಲೆ ಬಟ್ಟೆ ತೋರಿಸಿದ ಕಡೆಯೇ ಕೈ ಹಾಕಿ ಒಂದೊಂದನ್ನೇ ಸರಿಮಾಡಿದರು.

ಹದಿನೈದು ದಿನಕ್ಕೆ ಹಾಸು ಬೆಳ್ಳಗಾಯಿತು. ಆ ಬೆಳಗ್ಗೆ ನಾವಿಬ್ಬರೂ ಅದನ್ನು ಎರಡು ಕಡೆ ಹಿಡಿದು ಬಿಸಿಲಿಗೆ ಎತ್ತಿ ನೋಡಿದೆವು. ಮಗ ಪರೀಕ್ಷೆಯಲ್ಲಿ ಪಾಸಾದರೂ ಅಷ್ಟು ಸಂತೋಷ ಆಗುತ್ತಿರಲಿಲ್ಲವೇನೋ.

ಇನ್ನೆರಡು ದಿನ ಕಳೆದ ಮೇಲೆ ಒಂದು ಹನಿ ಬಿತ್ತು. ಹಿಂದಿನ ಎಡಚಕ್ರದ ಗುರುತಿನ ಒಳಬದಿಗೆ, ಹುಣಸೆಬೀಜದಷ್ಟು ಅಗಲ. ಬಣ್ಣವಿಲ್ಲ, ಬೆರಳಿಗೆ ಜಾರುತ್ತಿತ್ತು. ನೋಡಿದರೆ ಬ್ರೇಕ್ ಆಯಿಲ್ಲಿನ ಹಾಗಿತ್ತು. ಬೇರೆ ಯಾವುದು ಸೋರಿದರೂ ಗಾಡಿ ನಿಲ್ಲುತ್ತದೆ, ಇದು ಸೋರಿದರೆ ನಿಲ್ಲುವುದಿಲ್ಲ. ಅದೂ ಆ ಶುಕ್ರವಾರ ನಾವು ಮಡಕಶಿರಾಕ್ಕೆ ಹೋಗಬೇಕಿತ್ತು. ರತ್ನಮ್ಮನ ತಂಗಿ ಸುಜಾತ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟು ಬಂದು ಅಲ್ಲಿ ಸ್ವಂತ ಹೊಲಿಗೆ ಘಟಕ ಇಡುವವಳಿದ್ದಳು. ಅವಳಿಗೆ ಆರು ಹೊಲಿಗೆ ಮಿಷನ್ನು ಹೇರಿಕೊಂಡು, ಹೆಂಡತಿಯನ್ನೂ ಮಗನನ್ನೂ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಹೋಗುವುದೆಂದು ಮಾತಾಗಿತ್ತು. ದಾರಿಯಲ್ಲಿ ಇಳಿಜಾರುಗಳಿವೆ.

ಖಾಜಾಸಾಬರು ಕೆಳಗೆ ನುಗ್ಗಿ ಬ್ರೇಕ್ ಪೈಪನ್ನೆಲ್ಲ ಒರೆಸಿ, ರತ್ನಮ್ಮನ ಚಾಕ್‌ಪೀಸನ್ನೇ ಪುಡಿ ಮಾಡಿ ಉದ್ದಕ್ಕೂ ಬಳಿದರು. ಒಂದು ಚೂರು ಒದ್ದೆಯಾದರೂ ಪುಡಿ ಹೇಳಿಬಿಡುತ್ತದೆ. ಬ್ರೇಕ್ ಆಯಿಲ್ ಡಬ್ಬಿಗೆ, ಒಳಗಿನ ಮಟ್ಟಕ್ಕೆ ಸರಿಯಾಗಿ, ರತ್ನಮ್ಮ ಜೀನ್ಸಿಗೆ ಹಾಕುವ ಹಳದಿ ದಾರ ಬಿಗಿದು ಕಟ್ಟಿದಳು. ಮರುದಿನ ನೋಡಿದರೆ ಪುಡಿ ಒಣಗಿತ್ತು, ಎಣ್ಣೆ ದಾರದ ಎಳೆಯಷ್ಟೂ ಇಳಿದಿರಲಿಲ್ಲ. ಹಾಸಿನ ಮೇಲೆ ಮಾತ್ರ ಅದೇ ಜಾಗದಲ್ಲಿ ಅದೇ ಹನಿ.

"ನಿಮ್ಮ ಮನೆಯಾಕಿ ಮಿಷನ್ನಿಗೆ ಹಾಕೋ ಎಣ್ಣಿ ಚೆಲ್ಲ್ಯಾರ ನೋಡ್ರಿ," ಎಂದರು ಖಾಜಾಸಾಬರು. ನನಗೂ ಹಾಗೇ ಅನಿಸಿತು. ಹೆಂಡತಿಗೆ ಎರಡು ಮಾತು ಜಾಸ್ತಿಯೇ ಅಂದೆ. ಅವಳು ಮುಖ ಊದಿಸಿಕೊಂಡಳು. ಹಿಂದಿನ ಸ್ಪ್ರಿಂಗ್ ಪಟ್ಟೆಯೊಂದನ್ನು ಬದಲಿಸಬೇಕಿದ್ದರಿಂದ ಬುಧವಾರ ಮಧ್ಯಾಹ್ನ ಲಾರಿಯನ್ನು ಅವರ ಶೆಡ್ಡಿನಲ್ಲೇ ಬಿಟ್ಟು ನಡೆದು ಮನೆಗೆ ಬಂದೆ.

ಗುರುವಾರ ಬೆಳಗ್ಗೆ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದರೆ ಬೇವಿನಮರದ ಕೆಳಗೆ ಹಾಸು ಹರಡಿಕೊಂಡಿದೆ! ಮೂಲೆಗೆ ನಾಲ್ಕು ಕಲ್ಲು, ಮೇಲೆ ಲಾರಿಯೇ ಇಲ್ಲ. ಲಾರಿ ಮನೆಯಲ್ಲಿಲ್ಲ ಎಂಬುದನ್ನೇ ಮರೆತು, ಕೋಪದಲ್ಲಿದ್ದರೂ ಅಭ್ಯಾಸದ ಮೇಲೆ, ಹೊಸದಾಗಿ ಒಗೆದ ಹಾಸನ್ನು ರತ್ನಮ್ಮ ಹರಡಿಬಿಟ್ಟಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಅವಳನ್ನು ಕರೆದು ಛೇಡಿಸಬೇಕೆಂದು ಬಾಯಿ ತೆರೆದವನು ಹಾಗೇ ನಿಂತೆ. ಅದೇ ಹಿಂದಿನ ಎಡಚಕ್ರದ ಗುರುತಿನ ಒಳಬದಿಗೆ ಹನಿ ಬಿದ್ದಿತ್ತು, ಇನ್ನೂ ಹಸಿಯಾಗಿತ್ತು.

ಅವಳೂ ಬಂದು ನೋಡಿದಳು. "ಈಗ ಹೇಳ್ರಿ, ಇದನ್ನೂ ನಾನೇ ಚೆಲ್ಲೀನೇನು?" ಎಂದಳು.

ಬೆಂಗಳೂರಿನ ಮಾಲೀಕರು ಕಲಿಸಿದ ಒಂದು ಪರೀಕ್ಷೆ ಇತ್ತು. ಬ್ರೇಕ್ ಆಯಿಲ್ ನೀರಿನಲ್ಲಿ ಕರಗುತ್ತದೆ, ಮಿಷನ್ ಎಣ್ಣೆ ಕರಗುವುದಿಲ್ಲ. ಒಂದು ಚೊಂಬು ನೀರು ತಂದು ಹನಿಯ ಮೇಲೆ ಹುಯ್ದು ಉಜ್ಜಿದೆ. ಜಿಡ್ಡಿನ ಸುಳಿವೂ ಉಳಿಯದಂತೆ ಹೋಯಿತು. ಆ ಬೀದಿಗೆಲ್ಲ ಬ್ರೇಕ್ ಆಯಿಲ್ ಇಟ್ಟುಕೊಂಡವನು ನಾನೊಬ್ಬನೇ, ಆ ಬಾಟಲಿಯೂ ಲಾರಿಯ ಸೀಟಿನ ಕೆಳಗೆ ಶೆಡ್ಡಿನಲ್ಲಿತ್ತು. ಮಣ್ಣಿನಲ್ಲಿ ಹಳೆಯದು ಇಂಗಿ ಮೇಲೆ ಬಂದಿರಬಹುದೆಂದು ಹಾಸು ಎತ್ತಿ ನೋಡಿದೆ. ಎಡಚಕ್ರದ ಕಡೆಯ ನೆಲ ಹಪ್ಪಳದಂತೆ ಒಣಗಿತ್ತು, ನಾನು ಹುಯ್ದ ನೀರಷ್ಟೇ ಆಗ ತಾನೇ ಇಂಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು.

ತಿಂಡಿಯನ್ನೂ ತಿನ್ನದೆ ಶೆಡ್ಡಿಗೆ ಹೋಗಿ, ಹಿಂದಿನ ಎಡಚಕ್ರದ ಬ್ರೇಕ್ ಪೈಪು ಬಿಚ್ಚಿ ಎಂದೆ. "ಒಣಗಿದ್ದನ್ನ ಯಾಕ ಬಿಚ್ಚೋದ್ರಿ? ನಿಮಗೇನು ತಲಿ ಕೆಟ್ಟೈತೇನು?" ಎಂದು ಖಾಜಾಸಾಬರು ರೇಗಿದರು. ನಾನು ಅಲ್ಲಿಂದ ಕದಲಲಿಲ್ಲ. ಅಂಗಳದ ವಿಷಯವನ್ನು ನಾಚಿಕೆಗೆ ಹೇಳಲೂ ಇಲ್ಲ. ಗೊಣಗುತ್ತಲೇ ಅವರು ಪೈಪನ್ನು ಹಿಡಿದಿದ್ದ ಕ್ಲಾಂಪನ್ನು ಸಡಿಲಿಸಿದರು. "ನಿಮ್ಮ ಸಮಾಧಾನಕ್ಕ ಒಮ್ಮೆ ಒತ್ತಿಬಿಡ್ರಿ," ಎಂದರು. ನಾನು ಮೇಲೆ ಹತ್ತಿ ಬ್ರೇಕನ್ನು ಜೋರಾಗಿ ಒತ್ತಿದೆ. ಪೆಡಲು ಒಮ್ಮೆಲೇ ತಳಕ್ಕೆ ಕುಸಿಯಿತು. ಕೆಳಗಿನಿಂದ ಖಾಜಾಸಾಬರು "ಯಾ ಅಲ್ಲಾ" ಎಂದು ಕೂಗಿದ್ದು ಕೇಳಿಸಿತು.

ಇಳಿದು ನೋಡಿದೆ. ಅವರ ಅಂಗಿಯೆಲ್ಲ ಎಣ್ಣೆ. ಕ್ಲಾಂಪಿನ ಅಡಿಯಲ್ಲಿ, ಹೊರಗೆ ಕಾಣದ ಒಂದು ಬೆರಳಗಲ ಜಾಗದಲ್ಲಿ, ತುಕ್ಕು ತಿಂದು ಪೈಪು ಕಾಗದದಷ್ಟು ತೆಳುವಾಗಿತ್ತು. ಅಲ್ಲೇ ಸೀಳಿತ್ತು. ಅಲ್ಲಿಯವರೆಗೆ ಅದು ಒಂದು ಹನಿಯನ್ನೂ ಹೊರಗೆ ಬಿಟ್ಟಿರಲಿಲ್ಲ, ಅವರು ಬಳಿದ ಪುಡಿ ಕ್ಲಾಂಪಿನ ಎರಡೂ ಬದಿಗೆ ಬೆಳ್ಳಗೆ ಹಾಗೇ ಇತ್ತು. ಆಗ ಅವರಿಗೆ ಅಂಗಳದ ಹನಿಯ ಮಾತು ಹೇಳಿದೆ. ಅವರು ನಗಲಿಲ್ಲ. ಸಂಜೆಯವರೆಗೆ ಕೂತು ಒಂದೂ ಬಿಡದೆ ಎಲ್ಲ ಪೈಪನ್ನೂ ಹೊಸದು ಹಾಕಿಕೊಟ್ಟರು.

ಶುಕ್ರವಾರ ಮಡಕಶಿರಾಕ್ಕೆ ಹೋದೆವು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ರತ್ನಮ್ಮ ನನ್ನ ಕಾಲನ್ನೇ ನೋಡುತ್ತಿದ್ದಳು, ಮಗ ನಡುವೆ ಕೂತು ನಿದ್ದೆ ಮಾಡುತ್ತಿದ್ದ. ಸುಜಾತ ಬಾಗಿಲಲ್ಲೇ ನಿಂತಿದ್ದಳು. "ಏನ್ ಭಾವ, ಎತ್ತಿನ ಗಾಡೀಲಿ ಬಂದ್ರಾ? ಇಷ್ಟೊತ್ತು ಮಾಡ್ಬಿಟ್ರಲ್ಲ!" ಎಂದು ರೇಗಿಸಿದಳು. ಆ ಮಾತು ಕೇಳಿ ನನಗೆ ಕಣ್ಣು ತುಂಬಿಬಂತು. ಅವಳಿಗೆ ಏನೂ ಅರ್ಥವಾಗಲಿಲ್ಲ.

ಆಮೇಲೆ ಎಷ್ಟೋ ಜನರನ್ನು ಕೇಳಿದ್ದೇನೆ. ತಿಳಿದವರು ತಲೆಗೊಂದು ಕಾರಣ ಹೇಳಿದ್ದಾರೆ, ಒಂದೂ ಆ ಖಾಲಿ ಅಂಗಳಕ್ಕೆ ಹೊಂದುವುದಿಲ್ಲ. ತೋರಿಸಲು ಹನಿಯೂ ಇಲ್ಲ, ಚೊಂಬು ನೀರು ಹುಯ್ದು ತೊಳೆದವನು ನಾನೇ. ದೇವರು ದೆವ್ವ ಎಂಬ ಮಾತಿಗೆ ಇಂದಿಗೂ ನನ್ನ ನಾಲಿಗೆ ಹೊರಳುವುದಿಲ್ಲ. ಆ ಲಾರಿ ಹೋಗಿ ಈಗ ಹೊಸ ಗಾಡಿ ಬಂದಿದೆ, ಎಲ್ಲೂ ಸೋರುವುದಿಲ್ಲ. ಆದರೂ ಸಂಜೆ ರತ್ನಮ್ಮ ಮರೆತರೆ ಹಾಸು ಹರಡಿ ಕಲ್ಲು ಇಡುವವನು ನಾನು. ಬೆಳಗ್ಗೆ ಅದು ಬೆಳ್ಳಗಿರುವುದನ್ನು ನೋಡಿಯೇ ಗಾಡಿಯ ಕೀಲಿ ಕೈಗೆ ತೆಗೆದುಕೊಳ್ಳುತ್ತೇನೆ.